ಎರಡು ಗುಂಡಿ, ಎರಡು ಹೆಬ್ಬೆರಳು

ನಾನು ಒಂದು ಹಾರ್ಡ್‌ವೇರ್ ವಾಲೆಟ್. ಹೆಸರು ದೊಡ್ಡದು, ಆಕಾರ ಸಣ್ಣದು. ಹೆಬ್ಬೆರಳಿನಷ್ಟು ಉದ್ದ, ಮಧ್ಯೆ ಒಂದು ಪುಟ್ಟ ಪರದೆ, ಮೇಲಂಚಿನಲ್ಲಿ ಎರಡು ಗುಂಡಿ, ಇಷ್ಟೇ ನಾನು. ನನ್ನ ಹೊಟ್ಟೆಯಲ್ಲಿ ನೋಟಿಲ್ಲ, ನಾಣ್ಯವಿಲ್ಲ, ಒಂದು ಗುಪ್ತ ಕೀಲಿ ಮಾತ್ರ ಇರುತ್ತದೆ. ಕ್ರಿಪ್ಟೊ ಎಂದು ಜನ ಕರೆಯುವ ಲೋಕದಲ್ಲಿ ಯಾವ ಸ್ವತ್ತು ಯಾರದು ಎಂದು ಆ ಕೀಲಿಯೇ ಸಾಕ್ಷಿ ಹೇಳಬೇಕು. ಅದನ್ನು ಯಾರಿಗೂ ತೋರಿಸದೆ ಇಟ್ಟುಕೊಳ್ಳುವುದು ನನ್ನ ಉದ್ಯೋಗ.

ನಾನು ಹುಟ್ಟಿದ್ದು ದೂರದೇಶದ ಒಂದು ಕಾರ್ಖಾನೆಯಲ್ಲಿ. ಕೈಗವಸು ತೊಟ್ಟ ಹೆಂಗಸೊಬ್ಬಳು ನನ್ನ ಎರಡೂ ಗುಂಡಿಗಳನ್ನು ಒತ್ತಿ ನೋಡಿದಳು. ಟಿಕ್ ಎಂದಿತು. ಸರಿಯಿದೆ ಎಂಬಂತೆ ತಲೆಯಾಡಿಸಿ ನನ್ನನ್ನು ರಟ್ಟಿನ ಪೆಟ್ಟಿಗೆಗೆ ಹಾಕಿದಳು. ಆಮೇಲೆ ಬಹಳ ದಿನ ಕತ್ತಲೆ, ಕುಲುಕಾಟ, ಯಾರು ಯಾರೋ ಎತ್ತಿಡುವ ಸದ್ದು. ಪೆಟ್ಟಿಗೆ ತೆರೆದಾಗ ಮೊದಲು ಬಂದದ್ದು ಟರ್ಪೆಂಟೈನ್ ವಾಸನೆ. ಉಗುರಿನ ಸಂದಿಯಲ್ಲಿ ನೀಲಿ ಬಣ್ಣ ಕೂತ ಒಂದು ದಪ್ಪ ಹೆಬ್ಬೆರಳು ನನ್ನನ್ನು ಎತ್ತಿಕೊಂಡಿತು.

ಅದು ಬೆಟಗೇರಿಯ ಮಹಾರುದ್ರಪ್ಪ ಚಿತ್ರಗಾರರ ಹೆಬ್ಬೆರಳು.

ಮಹಾರುದ್ರಪ್ಪ ಬೋರ್ಡ್ ಪೇಂಟರು. ಗದಗ ಬೆಟಗೇರಿಯ ಕಿರಾಣಿ ಅಂಗಡಿ, ಔಷಧ ಅಂಗಡಿ, ಖಾನಾವಳಿಗಳ ತಗಡಿನ ಬೋರ್ಡುಗಳನ್ನು ಮೂವತ್ತು ವರ್ಷ ಅವರೇ ಬರೆದಿದ್ದರು. ಫ್ಲೆಕ್ಸ್ ಬಂದ ಮೇಲೆ ಕೆಲಸ ಕಡಿಮೆಯಾಯಿತು. ಮಗಳು ದಾನೇಶ್ವರಿ ಗದಗದ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಕಲಿಸುತ್ತಿದ್ದಳು. ಸುಮ್ಮನೆ ಕೂತ ಅಪ್ಪನನ್ನು ನೋಡಲಾರದೆ ಅವಳು ಒಂದು ಹಳೆಯ ಟ್ಯಾಬ್ ತಂದುಕೊಟ್ಟು, ಅದರ ಮೇಲೆ ಬರೆಯುವುದನ್ನು ಕಲಿಸಿದಳು. ಎರಡೇ ತಿಂಗಳಲ್ಲಿ ಅವರಿಗೆ ಅದರ ಹುಚ್ಚು ಹಿಡಿಯಿತು. ಕನ್ನಡ ವರ್ಣಮಾಲೆಯ ಒಂದೊಂದು ಅಕ್ಷರವನ್ನೂ ಒಂದೊಂದು ಚಿತ್ರವಾಗಿ ಬರೆಯತೊಡಗಿದರು. ಅವರ ಕ ಮಗ್ಗದ ಮುಂದೆ ಕೂತ ನೇಕಾರ. ಅವರ ಠ ಚಕ್ಕಡಿಯ ಗಾಲಿ. ಅವರ ಳ ಬಾವಿಗೆ ಇಳಿಯುತ್ತಿದ್ದ ಹಗ್ಗ.

ಈ ಚಿತ್ರಗಳನ್ನು ಡಿಜಿಟಲ್ ಕಲಾಕೃತಿಗಳಾಗಿ ಇಂಟರ್ನೆಟ್ಟಿನಲ್ಲಿ ದಾಖಲು ಮಾಡುವುದಕ್ಕೇ ನಾನು ಬಂದದ್ದು. ನನ್ನನ್ನು ಟ್ಯಾಬಿಗೆ ಸಿಕ್ಕಿಸಿ, ನನ್ನ ಕೀಲಿಯಿಂದ ಸಹಿ ಮಾಡಿ ಒಂದೊಂದೇ ಅಕ್ಷರವನ್ನು ಅವರು ಅಲ್ಲಿ ಏರಿಸಿದರು. ಸಂಪರ್ಕಕ್ಕೆ ಮಗಳ ಇಮೇಲ್ ಕೊಟ್ಟರು, ತಮ್ಮ ಹೆಸರು ಮಾತ್ರ ಎಲ್ಲೂ ಬರೆಯಲಿಲ್ಲ. ಮೂವತ್ತು ವರ್ಷ ಬೇರೆಯವರ ಹೆಸರನ್ನೇ ಬರೆದವರಿಗೆ ತಮ್ಮ ಹೆಸರು ಬರೆಯುವ ಅಭ್ಯಾಸವೇ ಇರಲಿಲ್ಲ.

ನನ್ನನ್ನು ತೆರೆಯಲು ಆರು ಅಂಕಿಯ ಪಿನ್ ಬೇಕು. ಮೂರು ಸಲ ತಪ್ಪಾದರೆ ನಾನು ನನ್ನೊಳಗಿನ ಕೀಲಿಯನ್ನು ಅಳಿಸಿಬಿಡುತ್ತೇನೆ. ಕಳ್ಳರ ಭಯಕ್ಕೆ ನನ್ನನ್ನು ಹಾಗೆ ಮಾಡಿದ್ದಾರೆ. ಹಾಗೆ ಅಳಿದುಹೋದರೂ ಕೀಲಿಯನ್ನು ಮರಳಿ ಪಡೆಯಲು ಇಪ್ಪತ್ನಾಲ್ಕು ಇಂಗ್ಲಿಷ್ ಪದಗಳಿರುತ್ತವೆ. ಮೊದಲ ದಿನವೇ ನಾನು ಅವನ್ನು ನನ್ನ ಪರದೆಯ ಮೇಲೆ ಒಂದೊಂದಾಗಿ ತೋರಿಸಿದೆ. ಎಲ್ಲರೂ ಕಾಗದದ ಮೇಲೆ ಬರೆದಿಟ್ಟುಕೊಳ್ಳುತ್ತಾರಂತೆ. "ಕಾಗದ ತೊಯ್ತೈತಿ, ಹರೀತೈತಿ," ಎಂದು ತಮ್ಮಷ್ಟಕ್ಕೆ ಗೊಣಗಿಕೊಂಡ ಮಹಾರುದ್ರಪ್ಪ, ಒಂದು ತಗಡಿನ ಮೇಲೆ ಎನಾಮೆಲ್ ಬಣ್ಣದಲ್ಲಿ ಇಪ್ಪತ್ನಾಲ್ಕನ್ನೂ ಚಂದವಾಗಿ ಬರೆದರು. ಒಣಗಿದ ಮೇಲೆ ಹಿತ್ತಿಲಲ್ಲಿದ್ದ ಹಳೆಯ ಬೋರ್ಡುಗಳ ರಾಶಿಗೆ ಸೇರಿಸಿದರು. ಮನೆಯಲ್ಲಿ ಯಾರಿಗೂ ಹೇಳಲಿಲ್ಲ.

ನಲವತ್ತೊಂಬತ್ತು ಅಕ್ಷರಗಳೂ ಮುಗಿದ ವಾರ, ಒಂದು ಬೆಳಿಗ್ಗೆ, ಚಹಾದ ಕಪ್ಪು ಅವರ ಬಲಗೈಯಿಂದ ಜಾರಿತು. ಕೆಳಗೆ ಬಿದ್ದ ಕಪ್ಪನ್ನು ನೋಡುತ್ತ ಏನೋ ಹೇಳಹೋದರು. ಮಾತು ಬರಲಿಲ್ಲ.

ಪಾರ್ಶ್ವವಾಯು. ಒಂದು ತಿಂಗಳ ನಂತರ ಆಸ್ಪತ್ರೆಯಿಂದ ಮನೆಗೆ ಬಂದಾಗ ಅವರ ಬಲಗೈ, ಬಲಗಾಲು ಸತ್ತಂತಿದ್ದವು. ಬಾಯಿಯಲ್ಲಿ ಉಳಿದಿದ್ದುದು ಒಂದೇ ಶಬ್ದ, "ಹೂಂ". ಊಟ ಬೇಕೇ ಎಂದರೂ ಹೂಂ, ಬೇಡವೇ ಎಂದರೂ ಹೂಂ. ನಾನು ಟ್ಯಾಬಿನ ಪಕ್ಕದ ಗೂಡಿನಲ್ಲಿ ಬಿದ್ದುಕೊಂಡು ಆ ಹೂಂಗಳನ್ನು ಕೇಳಿಸಿಕೊಳ್ಳುತ್ತಿದ್ದೆ.

ಆಗಲೇ ಮಗಳ ಇಮೇಲಿಗೆ ಒಂದು ಪತ್ರ ಬಂದದ್ದು. ಪ್ರಪಂಚದ ನಾನಾ ಲಿಪಿಗಳ ಕಲೆಯನ್ನು ತೋರಿಸುವ ಒಂದು ದೊಡ್ಡ ಪ್ರದರ್ಶನದವರು ಬರೆದಿದ್ದರು. ದಾನೇಶ್ವರಿ ಅದನ್ನು ಅಪ್ಪ ಅವ್ವನಿಗೆ ಓದಿ ಹೇಳಿದಳು.

"ಅಪ್ಪಾ, ನಿನ್ನ ಅಕ್ಷರ ಅವರಿಗೆ ಭಾಳ ಮನಸ್ಸಿಗೆ ಬಂದಾವಂತ. ಆದ್ರ ಇನ್ಯಾವನೋ ಒಬ್ಬಾಂವ, ಇವು ನನ್ನವು ಅಂತ ಹೇಳ್ಯಾನಂತ. ಇವನ್ನ ಏರಿಸಿದ ವಾಲೆಟ್ಟಿನಿಂದ ಯಾರು ಸಹಿ ಮಾಡಿ ತೋರಸ್ತಾರೋ ಅವರ ಹೆಸರು ಹಾಕ್ತೀವಿ ಅಂತ ಬರದಾರ. ಬರೋ ಶುಕ್ರವಾರ ಕಡೀ ದಿನ."

ಮಹಾರುದ್ರಪ್ಪನವರ ಕಣ್ಣಿನಿಂದ ನೀರು ಇಳಿದು ದಿಂಬಿಗೆ ಬಿತ್ತು.

"ಮೂಗನ ಮಾಲು ಅಂತ ತಿಳದಾನೇನು ಅಂವಾ?" ಎಂದರು ಅವರ ಹೆಂಡತಿ ಪಾರವ್ವ. "ದಾನವ್ವ, ಆ ಡಬ್ಬಿ ತಗಿ."

ಡಬ್ಬಿ ಎಂದರೆ ನಾನು. ದಾನೇಶ್ವರಿ ನನ್ನನ್ನು ತನ್ನ ಲ್ಯಾಪ್‌ಟಾಪಿಗೆ ತಂತಿಯಿಂದ ಸಿಕ್ಕಿಸಿದಳು. ನನ್ನ ಪರದೆ ಬೆಳಗಿ ಪಿನ್ ಕೇಳಿತು. ಅವಳು ಅಪ್ಪನ ಹುಟ್ಟಿದ ದಿನ ಒತ್ತಿದಳು. ತಪ್ಪು. ಅಪ್ಪನನ್ನೇ ಕೇಳೋಣವೆಂದು ಹಾಸಿಗೆಯ ಪಕ್ಕ ಕೂತಳು.

"ಮೊದಲನೇದು ನಾಕೇನಪ್ಪಾ?"

"ಹೂಂ."

"ಎರಡನೇದು ಒಂದು?"

"ಹೂಂ."

ಆರು ಹೂಂಗಳನ್ನು ನಂಬಿ ಆರು ಅಂಕಿ ಒತ್ತಿದಳು. ತಪ್ಪು. ಇನ್ನು ಒಂದೇ ಅವಕಾಶ ಎಂದು ನಾನು ತೋರಿಸಬೇಕಾಯಿತು. ನನಗೆ ಸರಿಯಾದ ಅಂಕಿ ಗೊತ್ತಿತ್ತು, ಹೇಳುವ ಹಾಗಿರಲಿಲ್ಲ. ಅವಳು ನನ್ನನ್ನು ತಂತಿಯಿಂದ ಬಿಡಿಸಿ ಗೂಡಿಗೆ ಇಟ್ಟಳು.

ದಾರಿ ಹುಡುಕುತ್ತ ಅವಳಿಗೆ ಇಂಟರ್ನೆಟ್ಟಿನಲ್ಲಿ ಒಂದು ಪುಟ ಸಿಕ್ಕಿತು. ವಾಲೆಟ್ ಸಹಾಯ ಕೇಂದ್ರವೆಂದು ಬೋರ್ಡು ಹಾಕಿಕೊಂಡಿದ್ದ ಪುಟ. ಪಿನ್ ಮರೆತಿದ್ದರೆ ಚಿಂತೆಯಿಲ್ಲ, ನಿಮ್ಮ ಇಪ್ಪತ್ನಾಲ್ಕು ಪದಗಳನ್ನು ಇಲ್ಲಿ ತುಂಬಿ ಎಂದಿತ್ತು. ಕೆಳಗೆ ಇಪ್ಪತ್ನಾಲ್ಕು ಖಾಲಿ ಚೌಕ. ಅವಳಿಗೆ ಜೀವ ಬಂದಂತಾಯಿತು. ಪದಗಳ ಕಾಗದಕ್ಕಾಗಿ ತಾಯಿ ಮಗಳು ಎರಡು ದಿನ ಮನೆ ಜಾಲಾಡಿದರು. ಅಕ್ಕಿ ಡಬ್ಬ, ರೇಷನ್ ಕಾರ್ಡಿನ ಚೀಲ, ದೇವರ ಫೋಟೋಗಳ ಹಿಂಬದಿ, ಹಾಸಿಗೆಯ ಕೆಳಗೆ. ಎಲ್ಲೂ ಇಲ್ಲ. ಹುಡುಕುತ್ತಿದ್ದುದು ಕಾಗದ, ಇದ್ದದ್ದು ತಗಡು.

ಗುರುವಾರ ಸಂಜೆ ಅವಳ ತರಬೇತಿ ಕೇಂದ್ರದ ಹಿರಿಯ ಶಿಕ್ಷಕ ಮುಲ್ಲಾ ಸರ್ ಮಹಾರುದ್ರಪ್ಪನವರನ್ನು ನೋಡಲು ಬಂದರು. ಲ್ಯಾಪ್‌ಟಾಪಿನಲ್ಲಿ ತೆರೆದಿದ್ದ ಆ ಪುಟ ಕಂಡದ್ದೇ ಅವರ ಮುಖ ಬದಲಾಯಿತು.

"ಮೇಡಂ, ಇದರಾಗ ಪದ ಹಾಕೀರೇನು?"

"ಇಲ್ರೀ ಸರ್. ಸಿಗವಲ್ದಾಗ್ಯಾವ."

ಮುಲ್ಲಾ ಸರ್ ಕುರ್ಚಿಯಲ್ಲಿ ಕುಸಿದು ಕೂತರು. "ಸಿಗಲಿಲ್ಲ ಅಂತ ಉಳಕೊಂಡ್ರಿ. ಇದು ಕಳ್ಳರ ಪುಟ ಐತ್ರೀ. ಆ ಪದ ಸಿಕ್ಕಿದ್ರ ಕೀಲಿ ಅವರ ಕೈಗೆ ಹೋದಂಗ. ಸಹಾಯ ಮಾಡ್ತೀವಿ ಅನ್ನಾವ್ರು ಯಾರೂ ಆ ಪದ ಕೇಳಂಗಿಲ್ಲ. ಕೇಳಿದ್ರ ಅಂವಾ ಕಳ್ಳನ."

ದಾನೇಶ್ವರಿ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ಎರಡು ದಿನ ಕಾಗದ ಸಿಗಲಿಲ್ಲವೆಂದು ಅತ್ತವಳು ಈಗ ಸಿಗದಿದ್ದುದಕ್ಕೆ ಅತ್ತಳು. ನನಗೂ ಉಸಿರೆಂಬುದು ಇದ್ದಿದ್ದರೆ ಆಗ ಬಿಟ್ಟಿರುತ್ತಿದ್ದೆ.

ಶುಕ್ರವಾರ ಬೆಳಿಗ್ಗೆ ಪಾರವ್ವ ಗಂಡನಿಗೆ ಊಟ ಮಾಡಿಸುತ್ತಿದ್ದರು. ತಟ್ಟೆಯಲ್ಲಿ ರೊಟ್ಟಿ, ಪುಂಡಿಪಲ್ಯೆ, ಮೊಸರು. "ಪಲ್ಯೆ ಹಾಕ್ಲೇನ್ರೀ?" ಎಂದರೆ ಹೂಂ. ಎಡಗೈ ಮಾತ್ರ ಪಲ್ಯೆಯನ್ನು ಸರಿಸಿ ಮೊಸರಿನ ಕಡೆ ಹೋಯಿತು. ಪಾರವ್ವ ಆ ಕೈಯನ್ನೇ ನೋಡುತ್ತ ಕೂತರು. ಆಮೇಲೆ ಮಗಳನ್ನು ಕೂಗಿದರು.

"ದಾನವ್ವ, ಇನ್ನ ಅವರನ್ನ ಏನೂ ಕೇಳಬ್ಯಾಡ. ಬಾಯಿ ಮರತೈತಿ, ಕೈ ಮರತಿಲ್ಲ. ಡಬ್ಬಿ ಅವರ ಕೈಯಾಗ ಕೊಡು."

"ಅವ್ವಾ, ಒಂದ ಸಲ ಉಳದೈತಿ. ತಪ್ಪಿದ್ರ ಎಲ್ಲಾ ಹೋತು."

"ಗೊತ್ತೈತಿ. ಅದು ಅವರದು. ಹೋದ್ರೂ ಅವರ ಕೈಯಿಂದ ಹೋಗ್ಲಿ."

ನನ್ನನ್ನು ಒಂದು ಮಣೆಯ ಮೇಲಿಟ್ಟು ಮಹಾರುದ್ರಪ್ಪನವರ ಮುಂದೆ ಹಿಡಿದರು. ಎಷ್ಟೋ ದಿನಗಳ ಮೇಲೆ ಆ ಮುಖವನ್ನು ಹತ್ತಿರದಿಂದ ಕಂಡೆ. ಅರ್ಧ ಮುಖ ಜೋತು ಬಿದ್ದಿತ್ತು, ಕಣ್ಣು ಮಾತ್ರ ಬೋರ್ಡಿನ ಮೇಲೆ ಗೆರೆ ಎಳೆಯುವಾಗಿನ ಕಣ್ಣೇ. ಎಡ ಹೆಬ್ಬೆರಳು ನನ್ನ ಎಡಗುಂಡಿಯ ಮೇಲೆ ಬಂತು. ಒತ್ತಿದರೆ ಅಂಕಿ ಒಂದೊಂದೇ ಇಳಿಯುತ್ತದೆ. ಬೇಕಾದ ಅಂಕಿ ಬಂದಾಗ ಎರಡೂ ಗುಂಡಿಗಳನ್ನು ಒಟ್ಟಿಗೆ ಒತ್ತಬೇಕು. ಅವರ ಬಲಗೈ ಮಡಿಲಲ್ಲಿ ಬಿದ್ದಿತ್ತು.

ಪಾರವ್ವ ತಮ್ಮ ಹೆಬ್ಬೆರಳನ್ನು ನನ್ನ ಬಲಗುಂಡಿಯ ಮೇಲಿಟ್ಟರು. "ನಾ ನಿಮ್ಮ ಬಲಗೈ. ಕಣ್ಣಿಲೆ ಹೇಳ್ರಿ, ಒತ್ತತೀನಿ."

ಏಳು. ಆರು. ಐದು. ಅವರ ಬೆರಳು ನಿಂತಿತು. ಹೆಂಡತಿಯನ್ನು ನೋಡಿದರು. ಇಬ್ಬರೂ ಒತ್ತಿದರು. ಒಂದು ಅಂಕಿ ಕೂತಿತು. (ನಾನು ಹೇಳಿದ್ದು ನಿಜವಾದ ಅಂಕಿಗಳಲ್ಲ, ಅದು ನನ್ನ ವೃತ್ತಿಧರ್ಮಕ್ಕೆ ಒಪ್ಪದು.) ಮೂರನೆಯದರಲ್ಲಿ ಅವರು ಒಂದು ಅಂಕಿ ದಾಟಿ ಮುಂದೆ ಹೋದರು. ದಾನೇಶ್ವರಿ "ಅಯ್ಯೋ" ಎಂದಳು. ಅವರು ತಾವೇ ಮತ್ತೆ ಸುತ್ತುಹಾಕಿ ಅಲ್ಲಿಗೇ ಬಂದರು. ಐದನೆಯದಕ್ಕೆ ಬಹಳ ಹೊತ್ತು ಯೋಚಿಸಿದರು. ಹಣೆಯ ಮೇಲೆ ಬೆವರಿತ್ತು. ಪಾರವ್ವ ಅವಸರಪಡಿಸಲಿಲ್ಲ. ಆರನೆಯದಕ್ಕೆ ಬೆರಳು ತಡೆಯದೆ ಹೋಯಿತು.

ನಾನು ತೆರೆದುಕೊಂಡೆ. ಇಷ್ಟು ಸಂತೋಷದಿಂದ ನಾನು ಎಂದೂ ತೆರೆದುಕೊಂಡಿರಲಿಲ್ಲ.

ಆದರೆ ಕೆಲಸ ಅರ್ಧವಷ್ಟೇ ಆಗಿತ್ತು. ಪ್ರದರ್ಶನದ ಪುಟ ನನ್ನಂಥವರ ಜೊತೆ ನೇರವಾಗಿ ಮಾತಾಡುವುದಿಲ್ಲ. ಬ್ರೌಸರಿನೊಳಗೆ ಕೂರುವ ಇನ್ನೊಂದು ವಾಲೆಟ್ ಇದೆ, ಅದನ್ನು ಎಕ್ಸ್‌ಟೆನ್ಶನ್ ಎನ್ನುತ್ತಾರೆ. ಪುಟ ಅದರ ಜೊತೆ ಮಾತಾಡುತ್ತದೆ, ಅದು ನನ್ನನ್ನು ಸಹಿ ಕೇಳುತ್ತದೆ. ದಾನೇಶ್ವರಿ ಅದನ್ನು ಲ್ಯಾಪ್‌ಟಾಪಿಗೆ ಹೊಸದಾಗಿ ಹಾಕಿದಳು. ಈ ಸಲ ಹುಡುಕಾಟದಲ್ಲಿ ಸಿಕ್ಕ ಕೊಂಡಿಯನ್ನು ಮುಟ್ಟಲಿಲ್ಲ, ಅದರ ಅಧಿಕೃತ ವಿಳಾಸವನ್ನು ಮುಲ್ಲಾ ಸರ್ ಅವರಿಂದ ಕೇಳಿ ತಾನೇ ಟೈಪ್ ಮಾಡಿದಳು. ಹಾರ್ಡ್‌ವೇರ್ ವಾಲೆಟ್ ಜೋಡಿಸಿ ಎಂಬಲ್ಲಿ ಒತ್ತಿದಳು. ಯಾವ ಸಾಧನವೂ ಕಾಣುತ್ತಿಲ್ಲ ಎಂದಿತು ಬ್ರೌಸರು. ಮತ್ತೆ ಒತ್ತಿದಳು. ಕಾಣುತ್ತಿಲ್ಲ. ನಾನು ಅಲ್ಲೇ ದೀಪ ಹಚ್ಚಿಕೊಂಡು ಕೂತಿದ್ದೆ!

ಅವಳು ಮುಲ್ಲಾ ಸರ್‌ಗೆ ಫೋನು ಮಾಡಿದಳು. ಅವರು ಕೇಳಿದ್ದು ಒಂದೇ ಪ್ರಶ್ನೆ. "ಕೇಬಲ್ ಯಾವದ್ರೀ ಮೇಡಂ? ಮೊಬೈಲ್ ಚಾರ್ಜ್ ಮಾಡೂದೇನು?"

ಹೌದು, ಅದೇ. ಆ ತಂತಿಯಲ್ಲಿ ಕರೆಂಟು ಹರಿಯುತ್ತದೆ, ಮಾಹಿತಿ ಹರಿಯುವುದಿಲ್ಲ. ನನ್ನ ಜೊತೆ ಬಂದಿದ್ದ ಕಪ್ಪು ತಂತಿ ಬ್ರಷ್ಷುಗಳ ಡಬ್ಬದಲ್ಲಿ ಸಿಕ್ಕಿತು. ತಂತಿ ಬದಲಿಸಿದರೆ ಪಿನ್ ಮತ್ತೆ ಒತ್ತಬೇಕು. ಈಗ ಅಂಕಿಗಳು ಮೂವರಿಗೂ ಗೊತ್ತಿದ್ದವು. ಆದರೂ ಪಾರವ್ವ ಮಗಳ ಕೈಗೆ ಕೊಡಲಿಲ್ಲ. ಗಂಡ ಹೆಂಡತಿ ಇನ್ನೊಮ್ಮೆ ಒತ್ತಿದರು, ಈ ಸಲ ಬೇಗ ಬೇಗ, ಪಾರವ್ವ ಸ್ವಲ್ಪ ನಗುತ್ತ.

ಬ್ರೌಸರು ಈಗ ನನ್ನನ್ನು ಕಂಡಿತು. ಇದನ್ನು ಜೋಡಿಸಲು ಒಪ್ಪಿಗೆಯೇ ಎಂದು ಕೇಳಿತು, ದಾನೇಶ್ವರಿ ಒಪ್ಪಿದಳು. ನನ್ನ ಕೀಲಿಗೆ ಸೇರಿದ ಖಾತೆಗಳ ವಿಳಾಸಗಳು ಸಾಲಾಗಿ ಬಂದವು. ಪತ್ರದಲ್ಲಿದ್ದ ವಿಳಾಸವನ್ನು ಹಿಡಿದು ಅವಳು ಒಂದೊಂದಾಗಿ ತಾಳೆ ನೋಡಿದಳು. ಮೊದಲನೆಯದು ಅಲ್ಲ, ಎರಡನೆಯದು ಅಲ್ಲ. ಮೂರನೆಯದು ಮೊದಲಿನಿಂದ ಕೊನೆಯವರೆಗೂ ಹೊಂದಿತು. ಅದನ್ನು ಆರಿಸಿದಳು. ಕೀಲಿ ನನ್ನನ್ನು ಬಿಟ್ಟು ಹೊರಗೆ ಹೋಗಲಿಲ್ಲ. ಅದನ್ನು ಆ ಎಕ್ಸ್‌ಟೆನ್ಶನ್ ಕೇಳಲೂ ಇಲ್ಲ. ಒಳ್ಳೆಯ ಜೊತೆಗಾರ.

ಪ್ರದರ್ಶನದ ಪುಟದಲ್ಲಿ ನಲವತ್ತೊಂಬತ್ತು ಅಕ್ಷರಗಳು ಒಂದೊಂದಾಗಿ ತೆರೆದುಕೊಂಡವು. ದಾನೇಶ್ವರಿ ಲ್ಯಾಪ್‌ಟಾಪನ್ನು ಅಪ್ಪನ ಕಡೆ ತಿರುಗಿಸಿದಳು. ಅವರು ಎಡಗೈ ಎತ್ತಿ ಠ ಅಕ್ಷರವನ್ನು ಮುಟ್ಟಿದರು.

ಪುಟ ಕೇಳಿದ ಕಡೆ ದಾನೇಶ್ವರಿ ಅಪ್ಪನ ಹೆಸರು, ಊರು ತುಂಬಿದಳು. ಸಹಿ ಮಾಡಬೇಕಾದ ಒಂದು ಸಾಲು ನನ್ನ ಪರದೆಗೆ ಬಂತು. ಇದರಿಂದ ಯಾವ ಸ್ವತ್ತೂ ಕೈ ಬದಲಾಗುವುದಿಲ್ಲ, ಈ ಅಕ್ಷರಗಳನ್ನು ಬರೆದವನು ನಾನು ಎಂಬ ಹೇಳಿಕೆ ಮಾತ್ರ. ದಾನೇಶ್ವರಿ ಅದನ್ನು ಎರಡು ಸಲ ಓದಿ, ಕನ್ನಡದಲ್ಲಿ ಹೇಳಿದಳು. ಎಡಗುಂಡಿಯ ಮೇಲೆ ಅವರ ಹೆಬ್ಬೆರಳು, ಬಲಗುಂಡಿಯ ಮೇಲೆ ಪಾರವ್ವನವರದು. ಒತ್ತಿದರು. ಮಾತಾಡಲಾಗದ, ಪೆನ್ನು ಹಿಡಿಯಲಾಗದ ಮನುಷ್ಯನ ಸಹಿ ಹೋಗಿ ತಲುಪಿತು. ಮಧ್ಯಾಹ್ನ ಎರಡು ಗಂಟೆಗೆ ಉತ್ತರ ಬಂತು. ಪುಟದ ಮೇಲೆ ಹೆಸರು ಮೂಡಿತ್ತು: ಮಹಾರುದ್ರಪ್ಪ ಚಿತ್ರಗಾರ, ಬೆಟಗೇರಿ.

"ನೋಡ್ರಿ, ನಿಮ್ಮ ಹೆಸರು," ಎಂದರು ಪಾರವ್ವ. "ಮೊದಲನೇ ಬೋರ್ಡು ನಿಮ್ದು."

"ಹೂಂ," ಎಂದರು ಮಹಾರುದ್ರಪ್ಪ. ಆ ಒಂದು ಹೂಂ ಮಾತ್ರ ಎಲ್ಲರಿಗೂ ಅರ್ಥವಾಯಿತು.

ನಾಲ್ಕು ತಿಂಗಳ ಮೇಲೆ ಅವರು ಕೋಲು ಹಿಡಿದು ಮೊದಲ ಸಲ ತಾವೇ ಬಚ್ಚಲುಮನೆಗೆ ನಡೆದರು. ಒಳಗಿನಿಂದ ಧಡಾರನೆ ತಗಡಿನ ಸದ್ದು, ಹಿಂದೆಯೇ ಅವರ ವಿಚಿತ್ರವಾದ ನಗು. ಓಡಿಹೋದ ದಾನೇಶ್ವರಿ ನೋಡುತ್ತಾಳೆ, ಪಾರವ್ವ ಬೋರ್ಡುಗಳ ರಾಶಿಯಿಂದ ಎಳೆದು ನೀರಿನ ಡ್ರಮ್ಮಿಗೆ ಮುಚ್ಚಿದ್ದ ತಗಡು ಕೆಳಗೆ ಬಿದ್ದಿದೆ. ಅದರ ಅಡಿಮುಖದಲ್ಲಿ ಇಪ್ಪತ್ನಾಲ್ಕು ಇಂಗ್ಲಿಷ್ ಪದ. ಅಷ್ಟು ಕಾಲ ಆವಿ ಬಡಿದರೂ ಬಣ್ಣ ಮಾಸಿರಲಿಲ್ಲ. ಪಾರವ್ವನವರಿಗೆ ಸಿಟ್ಟು ಬರಬೇಕೋ ನಗು ಬರಬೇಕೋ ತಿಳಿಯಲಿಲ್ಲ. "ದಿನಾ ಎರಡ ಸಲ ತಗದ ಮುಚ್ಚೇನಲ್ಲೋ ಯಪ್ಪಾ," ಎಂದು ಡ್ರಮ್ಮು ಹಿಡಿದುಕೊಂಡು ನಕ್ಕರು.

ವರ್ಷಗಳು ಕಳೆದವು. ನನ್ನ ಪರದೆಯ ಅರ್ಧ ಮಂಕಾಯಿತು. ದಾನೇಶ್ವರಿ ಹೊಸ ವಾಲೆಟ್ ತರಿಸಿ, ಆ ಪದಗಳನ್ನು ಅದಕ್ಕೇ ಕೊಟ್ಟಳು, ಕಂಪ್ಯೂಟರಿಗೆ ಕೊಡಲಿಲ್ಲ. ಅಕ್ಷರಗಳೆಲ್ಲ ಅದರಲ್ಲಿ ಸುರಕ್ಷಿತವಾಗಿ ಕಂಡ ಮೇಲೆ ನನ್ನೊಳಗಿನದನ್ನು ಅಳಿಸಿದಳು. ನೋವಾಗಲಿಲ್ಲ. ಬಹಳ ಹೊತ್ತು ಮುಚ್ಚಿಕೊಂಡಿದ್ದ ಮುಷ್ಟಿಯನ್ನು ಬಿಚ್ಚಿದಂತಾಯಿತು. ಮಹಾರುದ್ರಪ್ಪ ಈಗ ಎಡಗೈಯಲ್ಲಿ ಬರೆಯುತ್ತಾರಂತೆ. ಗೆರೆ ತುಸು ನಡುಗುತ್ತದಂತೆ, ಅದೇ ಚಂದವೆಂದು ನೋಡಿದವರು ಹೇಳುತ್ತಾರಂತೆ.

ನಾನೀಗ ಗದಗದ ತರಬೇತಿ ಕೇಂದ್ರದ ಮೇಜಿನ ಮೇಲಿದ್ದೇನೆ. ವಾಲೆಟ್ ಜೋಡಿಸುವುದನ್ನು ಕಲಿಯಲು ಬಂದವರು ನನ್ನನ್ನು ಬ್ರೌಸರಿಗೆ ಸಿಕ್ಕಿಸುತ್ತಾರೆ, ತೆಗೆಯುತ್ತಾರೆ, ಮತ್ತೆ ಸಿಕ್ಕಿಸುತ್ತಾರೆ. ಮೊನ್ನೆ ಹೊಲಿಗೆ ಅಂಗಡಿಯ ಹೆಂಗಸೊಬ್ಬಳು ನನ್ನನ್ನು ಅಂಗೈಯಲ್ಲಿಟ್ಟುಕೊಂಡು ಹೆದರುತ್ತ ಕೇಳಿದಳು.

"ಮೇಡಂ, ನಾ ಏನರ ತಪ್ಪು ಒತ್ತಿದ್ರ? ಇದರಾಗ ಏನೈತ್ರೀ?"

"ಏನೂ ಇಲ್ಲ," ಎಂದಳು ದಾನೇಶ್ವರಿ. "ಆರಾಮಾಗಿ ಒತ್ರಿ."