ಕೆರೆದುಕೊಳ್ಳದ ಕಜ್ಜಿ

ಸಮೂರನ ಬಾಲ ಇಲಿಯ ಬಾಲದಂತಾಗಿತ್ತು. ಮಂದೆ ಕಾಯುವ ನಾಯಿಗೆ ಪೊರಕೆಯಂಥ ಬಾಲವಿರಬೇಕು; ಇದಕ್ಕೆ ತುದಿಯಲ್ಲಿ ನಾಲ್ಕು ಕೂದಲು, ಉಳಿದದ್ದು ಬೋಳು. ಎರಡು ಪಕ್ಕೆಗಳಲ್ಲೂ ಒಂದೇ ಥರ ಕೂದಲುದುರಿ, ಚರ್ಮ ಕರ್ರಗೆ ದಪ್ಪಗಾಗಿ, ಮುಟ್ಟಿದರೆ ತೊಳೆಯದ ಬಾಣಲೆಯಂತೆ ಜಿಡ್ಡು ಅಂಟುತ್ತಿತ್ತು. ಕೂತೆದ್ದಲ್ಲೆಲ್ಲ ಹೊಟ್ಟು. ಹತ್ತಿರ ಬಂದರೆ ಕೆಟ್ಟ ಬೆಣ್ಣೆಯ ನಾತ.

ಆ ನಾತದ ಮೇಲೆ ನನ್ನ ಗಂಡ ಗವ್ರಿಲನ ಮದ್ದಿನ ನಾತ. ಹಂದಿಕೊಬ್ಬಿಗೆ ಗಂಧಕ ಕಲಸಿ, ಟ್ರ್ಯಾಕ್ಟರಿನಿಂದ ಇಳಿಸಿದ ಕರಿ ಎಣ್ಣೆ ಸೇರಿಸಿ ಚಳಿಗಾಲವೆಲ್ಲ ಬಳಿದಿದ್ದ. ಮರಮುರೇಶ್ ಬೆಟ್ಟಸೀಮೆಯ ನಮ್ಮ ಹಳ್ಳಿಗಳಲ್ಲಿ ನಾಯಿಯ ಕೂದಲುದುರಿತೆಂದರೆ ಅದು ಕಜ್ಜಿ. ಕಜ್ಜಿಗೆ ಇದೇ ಮದ್ದು.

ಮೇ ತಿಂಗಳಲ್ಲಿ ಊರ ಮಂದೆಯ ಯಜಮಾನ ಟೋಡರ್ ಬಂದು ಬೇಲಿಯಾಚೆಯೇ ನಿಂತ.

"ಭಾನುವಾರ ಹಾಲಳತೆ, ಗವ್ರಿಲ. ಎಲ್ಲರ ಕುರೀನೂ ಒಂದೇ ದೊಡ್ಡೀಲಿ ಕೂಡ್ತಾವೆ, ಕಜ್ಜಿ ಎಲ್ಲಕ್ಕೂ ಹತ್ತುತ್ತೆ. ಅಷ್ಟರೊಳಗೆ ಈ ಹೇಸಿಗೇನ ಮುಗ್ಸು. ಇಲ್ಲಾಂದ್ರೆ ನಾನೇ ಬಂದೂಕು ತರ್ತೀನಿ."

ಅಳತೆಯ ದಿನ ಯಾರ ಕುರಿ ಎಷ್ಟು ಹಾಲು ಕೊಟ್ಟಿತೋ ಅದರ ಮೇಲೆಯೇ ಬೇಸಿಗೆಯ ಚೀಸಿನ ಪಾಲು. ಕುರಿಗಳನ್ನು ಕಳಿಸದೆ ಇರುವಂತಿಲ್ಲ. ತೋಳದ ಬಾಯಿಂದ ಮಂದೆ ಉಳಿಸಿದ್ದ ನಾಯಿಯನ್ನು ಕೊಲ್ಲುವುದೂ ಗವ್ರಿಲನಿಂದಾಗದು. ಮತ್ತೆ ಎಣ್ಣೆ ಡಬ್ಬಿ ಎತ್ತಿಕೊಂಡ.

ಸಮೂರ ಬಿಸಿಲಲ್ಲೂ ನನ್ನ ರೊಟ್ಟಿ ಒಲೆಗೆ ಅಂಟಿಕೊಂಡು ಮಲಗಿತ್ತು.

"ಇದು ಕೆರ್ಕೊಂಡಿದ್ದು ಒಂದಿನಾನಾದ್ರೂ ನೋಡಿದ್ಯಾ?" ಎಂದೆ.

"ಎಣ್ಣೆ ಕೆಲ್ಸ ಮಾಡ್ತಿದೆ, ಪಲಾಗ."

"ಮಾಡಿದ್ರೆ ಕೂದ್ಲೆಲ್ಲಿ? ನಿನ್ನ ಮೀಸೇಲಾ?"

ನಾಯಿ ತಲೆಯೆತ್ತಿತು. ಊದಿದ ಹಣೆ, ಜೋತುಬಿದ್ದ ರೆಪ್ಪೆ, ಸಾವಿನ ಮನೆಯಿಂದ ಬಂದಂಥ ಮುಖ. ಆ ಮುಖವನ್ನು ನಾನು ಕನ್ನಡಿಯಲ್ಲಿ ಕಂಡಿದ್ದೆ. ಎರಡನೇ ಹೆರಿಗೆಯ ನಂತರ ನಾನೂ ಹೀಗೇ ಊದಿ, ಬಾಚಣಿಗೆ ತುಂಬ ಕೂದಲು ಬಿಟ್ಟು, ಗೋಣಿಚೀಲದಂಥ ಚರ್ಮ ಹೊತ್ತು ಒಲೆ ಬಿಟ್ಟೇಳುತ್ತಿರಲಿಲ್ಲ. ಪೇಟೆಯ ಡಾಕ್ಟರು ಥೈರಾಯ್ಡ್ ಎಂದು ಮಾತ್ರೆ ಕೊಟ್ಟರು. ಈ ಕೊಳಕಿಗೂ ನನಗೂ ಹೋಲಿಕೆಯೇ!

ಬೂದಿನೀರು, ಸೋಪು ಹಾಕಿ ನಾಯಿಯ ಮೈ ತಿಕ್ಕಿದೆ. ಕರಿ ಜಿಡ್ಡು ಪದರ ಪದರವಾಗಿ ಕೈಗೆ ಬಂತು. ಮಡಿಕೆಗಳೊಳಗೆ ಕೀವು. ಎರಡು ಸಲ ಬೇಲಿಯ ಬಳಿ ಓಡಿ ಕಕ್ಕಿದೆ.

ಪೇಟೆಗೆ ಒಯ್ದೆ. ಪಶುವೈದ್ಯೆ ಚರ್ಮ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿದಳು. "ಹುಳ ಇಲ್ಲ. ಕಜ್ಜಿ ಅಲ್ಲ. ರಕ್ತ ಕಳಿಸ್ತೀನಿ, ಆದ್ರೆ ನೀವು ಹೇಳಿದ ಥೈರಾಯ್ಡೇ ಇರ್ಬೇಕು." ಶನಿವಾರ ಫೋನ್ ಮಾಡಿ ಹೌದೆಂದಳು.

ಭಾನುವಾರ ದೊಡ್ಡಿಯ ಬಾಗಿಲಲ್ಲಿ ಟೋಡರನ ಹೆಗಲ ಮೇಲೆ ಬಂದೂಕಿತ್ತು. ನಾನು ಹೇಳಿದ್ದೆಲ್ಲ ಕೇಳಿ ನಕ್ಕ.

"ಹೆಂಗಸರ ಕಾಯ್ಲೆ ನಾಯಿಗಾ! ಇನ್ನು ಬಸಿರೂ ಆಗುತ್ತೆ ಬಿಡು. ಅಂಟಲ್ಲ ಅಂತ ನಿನಗಷ್ಟು ಧೈರ್ಯ ಇದ್ರೆ ಅದರ ಮೈ ಸವರು ನೋಡಣ."

ನನ್ನ ಹಬ್ಬದ ಕುರಿತುಪ್ಪಳದ ತೋಳಿಲ್ಲದ ಕೋಟು ಬಿಚ್ಚಿದೆ. ಒಳಗಿನ ಉಣ್ಣೆ ನಾಯಿಯ ಬೋಳು ಮೈಗೆ ತಾಗುವಂತೆ ಹೊದಿಸಿ, ಒತ್ತಿ ಹಿಡಿದೆ. ಸಮೂರ ಬೆಚ್ಚಗಾಗಿ ನಿಟ್ಟುಸಿರಿಟ್ಟಿತು. ಆಮೇಲೆ ಅದನ್ನೇ ತೆಗೆದು ರವಿಕೆಯ ಮೇಲೆ ತೊಟ್ಟು, ಕೊರಳಿನವರೆಗೂ ಗುಂಡಿ ಹಾಕಿಕೊಂಡೆ. ಜಿಡ್ಡು ತಣ್ಣಗೆ ಕತ್ತಿಗೆ ಅಂಟಿತು.

"ಕಜ್ಜಿಯಾದ್ರೆ ನನಗೂ ಹತ್ತುತ್ತೆ. ಆಗ ಇಬ್ಬರಿಗೂ ಗುಂಡು ಹೊಡಿ."

"ಥೂ, ಪಲಾಗಕ್ಕ!" ಎಂದು ಹೆಂಗಸರು ಮೂಗು ಮುಚ್ಚಿ ಹಿಂದೆ ಸರಿದರು. ಟೋಡರ್ ಉಗುಳಿದ. ಬಂದೂಕು ಗೋಡೆಗೆ ಒರಗಿಸಿದ.

"ಬದುಕ್ಲಿ. ಆದ್ರೆ ಈ ಬೇಸಿಗೆ ಮಂದೆ ಜೊತೆ ಬೆಟ್ಟಕ್ಕೆ ಬೇಡ. ನಿನ್ನ ಒಲೆ ಹತ್ರಾನೇ ಇಟ್ಕೋ."

ಇಟ್ಟುಕೊಂಡಿದ್ದೇನೆ. ಬೆಳಿಗ್ಗೆ ಸಂಜೆ ಚೀಸಿನುಂಡೆಯಲ್ಲಿ ಮಾತ್ರೆ. ಬಾಲಕ್ಕೆ ಈಗ ತುಪ್ಪಳ ಚಿಗುರುತ್ತಿದೆ. ನಾತ ಇನ್ನೂ ಹೋಗಿಲ್ಲ. ಕೋಟನ್ನು ಮೂರು ಸಲ ಬಿಸಿಲಿಗೆ ಹಾಕಿದೆ. ಅದನ್ನು ತೊಟ್ಟು ಚರ್ಚಿಗೆ ಹೋದರೆ ನನ್ನ ಪಕ್ಕ ಯಾರೂ ಕೂರುವುದಿಲ್ಲ. ಗವ್ರಿಲ ಮಾತ್ರ ಕೂರುತ್ತಾನೆ, ಬಾಯಲ್ಲಿ ಉಸಿರಾಡುತ್ತ.