ಕೆಂಪು ದಾರಿಯ ಬೀಗತಿಯರು

"ನನಗ ಆಜಿ ಅಂದನಲ್ಲಾ ಅಂವಾ!" ಕಾಂತಾಬಾಯಿ ಸಮುದ್ರದ ಕಡೆ ಬೆನ್ನು ತಿರುಗಿಸಿ ನಿಂತೇ ಬಿಟ್ಟಳು. "ಉದಗೀರದಾಗ ದಿನಾ ಮುಂಜಾನಿ ಕಿಲ್ಲಾ ಸುತ್ತಿ ಬರಾಕಿ ನಾ. ಇಂವಗೇನ್ ಗೊತ್ತು?"

ದ್ವಾರದಲ್ಲಿ ಕೂತಿದ್ದ ಕಾವಲುಗಾರ ಪಾಪ, ಮರ್ಯಾದೆಯಿಂದಲೇ ಹೇಳಿದ್ದ. ಕೊಂಕಣದ ಆ ಕಡಲೂರಿನವರು ನಡೆಯಲು ಬರುವವರಿಗೆಂದು ಮೂರು ದಾರಿ ಮಾಡಿ, ದೊಡ್ಡ ಹಲಗೆಯ ಮೇಲೆ ಮೂರು ಬಣ್ಣದಲ್ಲಿ ಬರೆಸಿದ್ದರು. ಹಸಿರು ದಾರಿ ಮರಳಿನ ಅಂಚಿನಲ್ಲೇ ಸಪಾಟಾಗಿ ಹೋಗುತ್ತಿತ್ತು. ಮಕ್ಕಳು, ಮುದುಕರು, ಬಸುರಿಯರು, ಗಾಲಿಕುರ್ಚಿಯವರು ಎಲ್ಲರಿಗೂ ಸಲ್ಲುವಂಥದು. ಹಳದಿ ದಾರಿ ತೆಂಗಿನ ತೋಟದೊಳಗೆ ಸ್ವಲ್ಪ ಏರಿ ಸ್ವಲ್ಪ ಇಳಿಯುತ್ತಿತ್ತು. ಕೆಂಪು ದಾರಿ ಕಲ್ಲುಮೆಟ್ಟಿಲು ಹಿಡಿದು ನೇರ ಗುಡ್ಡದ ನೆತ್ತಿಗೆ ಹೋಗಿ, ಹಿಂಬದಿಯಿಂದ ಇಳಿದು ಹಸಿರು ದಾರಿಯನ್ನೇ ಕೂಡುತ್ತಿತ್ತು. ಕಾವಲುಗಾರ ಇಬ್ಬರು ವಯಸ್ಸಾದ ಹೆಂಗಸರನ್ನೂ ಒಮ್ಮೆ ನೋಡಿ, ಆಜಿ, ನಿಮಗೆ ಹಸಿರೇ ಸರಿ ಎಂದು ಮರಾಠಿಯಲ್ಲಿ ಹೇಳಿಬಿಟ್ಟಿದ್ದ.

"ಬರ್ರಿ ಅತ್ತಿ, ಎಲ್ಲಾರೂ ಕೂಡೇ ಹಸರಿಗಿ ಹೋಗೂಣು," ಎಂದಳು ಸೊಸೆ ತ್ರಿವೇಣಿ. ಅವಳಿಗೆ ಆರು ತಿಂಗಳು ತುಂಬಿತ್ತು. ಪಕ್ಕದಲ್ಲಿ ಅವಳ ಗಂಡ ಅಮರನಾಥ ಹೆಂಡತಿಯ ಚಪ್ಪಲಿ ಕೈಯಲ್ಲಿ ಹಿಡಿದು ನಿಂತಿದ್ದ. ತನ್ನ ತಾಯಿಯನ್ನೂ ಅತ್ತೆಯನ್ನೂ ಒಂದೇ ಕಾರಿನಲ್ಲಿ ಕೂಡಿಸಿ ಇಷ್ಟು ದೂರ ಕರೆತಂದ ಧೈರ್ಯವಂತ ಅವನು.

"ನೀವು ಹೋಗ್ರಿ. ಬೀಗತೇರನ್ನೂ ಕರಕೊಂಡು ಹೋಗ್ರಿ. ನಾ ಕೆಂಪಿಗಿ ಹೋಗಾಕಿ," ಎಂದಳು ಕಾಂತಾಬಾಯಿ.

ಬೀಗತಿ ಎಂದರೆ ರಂಭಾಬಾಯಿ, ತ್ರಿವೇಣಿಯ ತಾಯಿ. ವಲಾಂಡಿಯಲ್ಲಿ ತೊಗರಿ ಹೊಲದ ಕಳೆ ತೆಗೆದು ತೆಗೆದು ಮೊಣಕಾಲು ಸವೆಸಿಕೊಂಡವಳು. ಹಸಿರು ದಾರಿಯನ್ನು ಕಂಡಾಗ ಅವಳಿಗೆ ನಿಜಕ್ಕೂ ಜೀವ ಬಂದಂತಾಗಿತ್ತು. ಆದರೆ ಅವಳು ಇಲ್ಲಿಗೆ ಬಂದದ್ದು ಸಮುದ್ರ ನೋಡುವುದಕ್ಕಲ್ಲ. ಮಗಳ ಚೊಚ್ಚಲ ಬಾಣಂತನ ತವರಿನಲ್ಲಾಗಬೇಕು, ಅದನ್ನು ಬೀಗತಿಯ ಬಾಯಿಂದ ಹೌದೆನ್ನಿಸಬೇಕು, ಅಷ್ಟೇ. ಕಾಂತಾಬಾಯಿ ಆಗಲೇ ಓಣಿಗೆಲ್ಲ ಹೇಳಿಬಿಟ್ಟಿದ್ದಳು, ಹೆರಿಗೆಯೂ ಬಾಣಂತನವೂ ಉದಗೀರದಲ್ಲೇ ಎಂದು. ಇತ್ತ ವಲಾಂಡಿಯಲ್ಲಿ ರಂಭಾಬಾಯಿ ಹಳೆಯ ಸೀರೆಗಳ ಕೌದಿ ಹೊಲಿದಿಟ್ಟು, ಒಳಕೋಣೆಗೆ ಸುಣ್ಣ ಹೊಡೆಸಿ ಕಾಯುತ್ತಿದ್ದಳು. ಮಕ್ಕಳೆದುರು ಕೇಳಿ ಇಲ್ಲ ಅನ್ನಿಸಿಕೊಂಡರೆ ಮುಖ ಎಲ್ಲಿಡುವುದು? ಒಬ್ಬಳೇ ಸಿಕ್ಕಾಗ ಕೇಳಬೇಕು. ಈಗ ನೋಡು, ಗುಡ್ಡದಷ್ಟು ಏಕಾಂತ ಎದುರಿಗೆ ಬಂದು ನಿಂತಿದೆ.

"ನಾನೂ ಕೆಂಪಿಗೇ ಬರ್ತೀನಿ ರೀ," ಎಂದಳು.

ತ್ರಿವೇಣಿ ತಾಯಿಯ ಮೊಣಕಾಲನ್ನೂ ಮುಖವನ್ನೂ ನೋಡಿದಳು. ನೀರಿನ ಬಾಟಲಿ ಅವಳ ಕೈಗಿಟ್ಟಳು.

ಮೆಟ್ಟಿಲು ಶುರುವಿಗೆ ಚೆನ್ನಾಗಿಯೇ ಇದ್ದವು. ಸೀರೆಯ ಕೆಳಗೆ ಬಿಳಿ ಬೂಟು ಹಾಕಿದ್ದ ಕಾಂತಾಬಾಯಿ ಮುಂದೆ, ರಂಭಾಬಾಯಿ ಹಿಂದೆ. ತ್ರಿವೇಣಿಯ ಮದುವೆಯ ಊಟದ ಪಂಕ್ತಿಯಲ್ಲಿ ಯಾರೋ ತಿಳಿಗೇಡಿ ಗಂಡಿನ ತಾಯಿಯನ್ನು ದಾಟಿ ಬೇರೆಯವರಿಗೆ ಮೊದಲು ಹೋಳಿಗೆ ಬಡಿಸಿದ್ದ. ಕಾಂತಾಬಾಯಿ ಆಗ ನಕ್ಕು ಸುಮ್ಮನಾದಳು, ಆಮೇಲೆ ಎಷ್ಟೋ ದಿನ ಫೋನು ಎತ್ತಲಿಲ್ಲ. ಅಂದಿನಿಂದ ರಂಭಾಬಾಯಿ ಬೀಗತಿಗಿಂತ ಮೊದಲು ಚಹಾ ಕೂಡ ಕುಡಿದವಳಲ್ಲ.

ಗೇರುಮರದ ಕೆಳಗೆ ಮೊದಲ ಬೆಂಚು ಬಂತು. ಕಾಂತಾಬಾಯಿ ನಿಂತಳು. ರಂಭಾಬಾಯಿಯೂ ನಿಂತಳು.

"ಕುಂದರ್ರಿ ಬೀಗತೇರ, ದಣದೀರಿ," ಎಂದಳು ಕಾಂತಾಬಾಯಿ.

"ನೀವ್ ಮೊದಲ ಕುಂದರ್ರಿ."

"ನಾ ಎಲ್ಲಿ ದಣದೀನಿ? ನಿಮ್ಮ ಸಲುವಾಗಿ ನಿಂತೀನಿ."

"ಅಯ್ಯ, ನೀವ್ ಕುಂದರದ ನಾ ಹ್ಯಾಂಗ ಕುಂದರ್ಲಿ?"

"ಹಂಗಾರ ನಡೀರಿ."

ಬೆಂಚು ಖಾಲಿ ಉಳಿಯಿತು. ಬೀಗತಿಯರು ನಡೆದರು. ಒಂದು ತಿರುವು ದಾಟಿದ ಮೇಲೆ ರಂಭಾಬಾಯಿ ಎದೆ ಗಟ್ಟಿ ಮಾಡಿಕೊಂಡು, "ಬೀಗತೇರ, ಒಂದ್ ಮಾತು..." ಎಂದು ಶುರುಮಾಡಿದಳು.

"ಹೇಳ್ರಿ," ಎಂದು ಕಾಂತಾಬಾಯಿ ತಿರುಗಿದಳು.

ಹೇಳಲು ಉಸಿರೇ ಇರಲಿಲ್ಲ. "ಗಾಳಿ... ಛಲೋ ಅದ," ಎಂದಳು ರಂಭಾಬಾಯಿ. ಥೂ ನಿನ್ನ, ಇದನ್ನು ಹೇಳುವುದಕ್ಕೆ ಇಷ್ಟು ಮೆಟ್ಟಿಲು ಹತ್ತಿದೆಯಾ ಎಂದು ತನ್ನನ್ನೇ ಬೈದುಕೊಂಡಳು.

ಎರಡನೆಯ ಬೆಂಚಿನ ಮೇಲೆ ಕಾಲೇಜು ಹುಡುಗಿಯರ ಗುಂಪೊಂದು ಕೆಂಪು ಮುಖ ಮಾಡಿಕೊಂಡು ಬಿದ್ದಿತ್ತು. ಇವರನ್ನು ಕಂಡು ಗಡಬಡಿಸಿ ಎದ್ದು ಜಾಗ ಬಿಟ್ಟಿತು. ಮತ್ತೆ ಅದೇ, ನೀವು ಕುಂದರ್ರಿ, ನೀವು ಮೊದಲು. ಇಬ್ಬರೂ ಕೂರದೆ ಮುಂದೆ ಹೋದದ್ದನ್ನು ನೋಡಿ ಹುಡುಗಿಯರು ಚಪ್ಪಾಳೆ ತಟ್ಟಿದರು. ಒಬ್ಬಳು ಇವರ ಫೋಟೋ ಕೂಡ ತೆಗೆದಳು. ಆ ಚಪ್ಪಾಳೆ ಕೇಳಿದ ಮೇಲಂತೂ ನಿಲ್ಲುವ ಮಾತೇ ಇರಲಿಲ್ಲ. ರಂಭಾಬಾಯಿಯ ಮೊಣಕಾಲೊಳಗೆ ಯಾರೋ ಜೋಳ ಬೀಸುತ್ತಿದ್ದರು.

ನೆತ್ತಿಯ ಮೇಲೊಂದು ಬೆಂಚಿತ್ತು. ಅರ್ಧ ಹಲಗೆ ಮುರಿದು, ಒಬ್ಬರಿಗಷ್ಟೇ ಜಾಗ ಉಳಿದಿತ್ತು. "ನೀವು..." ಎಂದು ರಂಭಾಬಾಯಿ ಕೈ ತೋರಿಸಿದಳೋ ಇಲ್ಲವೋ, ಕಾಲು ಅವಳ ಮಾತು ಕೇಳಲಿಲ್ಲ. ದೊಪ್ಪನೆ ನೆಲದ ಮೇಲೆ ಕೂತಳು.

ಕೂತ ಕೂಡಲೇ ಹೊಳೆಯಿತು, ಮೊದಲು ಕೂತದ್ದು ತಾನು. ಇನ್ನು ಬಾಣಂತನದ ಮಾತು ಮುಗಿಯಿತು ಎಂದುಕೊಂಡಳು.

"ಯವ್ವಾ, ಕುಂತ್ರಲ್ಲಾ!" ಕಾಂತಾಬಾಯಿ ಬೆಂಚಿನ ಕಡೆ ನೋಡದೆಯೇ ಅವಳ ಪಕ್ಕಕ್ಕೆ ಕುಸಿದಳು. "ನಿಮ್ಮ ಹೊಟ್ಟಿ ತಣ್ಣಗಿರ್ಲಿ. ಮೊದಲನೇ ಬೆಂಚಿನ್ಯಾಗೇ ನನ್ನ ಜೀಂವಾ ಹೋಗಿತ್ತು."

"ಮತ್ತ ಯಾಕ ಕುಂದರ್ಲಿಲ್ರೀ?"

"ನೀವ್ ಕುಂದರ್ಲಿಲ್ಲಲ್ಲ!"

ರಂಭಾಬಾಯಿಗೆ ನಗು ತಡೆಯಲಾಗಲಿಲ್ಲ. ಕಾಂತಾಬಾಯಿಯೂ ಸೆರಗು ಬಾಯಿಗಿಟ್ಟುಕೊಂಡು ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಕೆಳಗೆ ಸಮುದ್ರ ತನ್ನಷ್ಟಕ್ಕೆ ಹೊಳೆಯುತ್ತಿತ್ತು. ಹಸಿರು ದಾರಿಯ ಮೇಲೆ ಮಗಳು ಅಳಿಯ ಇರುವೆಗಳಂತೆ ಕಂಡರು. ನಗುವಿನ ಆ ಭರದಲ್ಲೇ ರಂಭಾಬಾಯಿ ಕೇಳಿಬಿಟ್ಟಳು: "ಬೀಗತೇರ, ನನ್ನ ಮಗಳಿಗಿ ಬಾಣಂತನಕ್ಕ ಕೊಟ್ಟು ಕಳಸ್ರಿ."

ಕಾಂತಾಬಾಯಿಯ ನಗು ನಿಂತಿತು. ಬಗ್ಗಿ ಬೂಟಿನ ದಾರ ಬಿಚ್ಚಿ ಮತ್ತೆ ಕಟ್ಟಿಕೊಂಡಳು.

"ನಿಮಗ ಹೆಣ್ಣಮಕ್ಕಳು ಅವ. ಇನ್ನೂ ಬಾಣಂತನ ಮಾಡ್ತೀರಿ," ಎಂದಳು. "ನನಗ ಇಂವಾ ಒಬ್ಬನೇ. ನಾ ಯಾರಿಗಿ ಮಾಡ್ಲಿ? ನನ್ನ ಮನ್ಯಾಗ ತೊಟ್ಟಲಾ ತೂಗಬೇಕಂತ ನನಗೂ ಆಸಿ ಇರಂಗಿಲ್ಲೇನ್ರೀ?"

ಇಷ್ಟು ದಿನ ರಂಭಾಬಾಯಿ ಇದನ್ನು ಬೀಗತಿಯ ಸೊಕ್ಕು ಎಂದೇ ತಿಳಿದಿದ್ದಳು. ತನಗಂತೂ ಇಬ್ಬರು ಹೆಣ್ಣುಮಕ್ಕಳು. ಕಿರಿಯವಳದು ಇನ್ನೂ ಮದುವೆಯಾಗಬೇಕು.

"ಹಂಗಾರ ಹಿಂಗ ಮಾಡೂಣು," ಎಂದಳು. "ಹೆರಿಗಿ ಉದಗೀರದ ನಿಮ್ಮ ಡಾಕ್ಟರಬಾಯಿ ಕಡೀನೇ ಆಗ್ಲಿ. ಆಮ್ಯಾಲ ತ್ರಿವೇಣಿ ಕೂಸಿನ ಕೂಡ ವಲಾಂಡಿಗಿ ಬರ್ಲಿ. ನೀವೂ ಬರ್ರಿ. ಕೂಸಿಗಿ ಮೊದಲನೇ ಎರಕಾ, ನೀರು ಹಾಕೂದು, ನಿಮ್ಮ ಕೈಲೇ ಆಗ್ಲಿ."

"ನಾ ಬೀಗರ ಮನ್ಯಾಗ ಬಂದು ಠಿಕಾಣಿ ಹೂಡ್ಲೇನು? ಮಂದಿ ಏನಂದಾರು!"

"ಮಂದಿ ಬಂದು ಕೂಸಿನ ದುಪ್ಪಟಿ ಒಗೀತಾರೇನು? ಬರ್ರಿ ಸುಮ್ನ."

ಕಾಂತಾಬಾಯಿ ಮುಖ ಸಣ್ಣದು ಮಾಡಿದಳು. ದನಿಯೂ ಸಣ್ಣದಾಯಿತು. "ಖರೇ ಹೇಳಲೇನು? ನನಗ ಎರಿಲಾಕ ಬರಂಗಿಲ್ಲ. ಅಮರನಾಥಗ ನಮ್ಮ ಅತ್ತಿನೇ ಎರದಾರ. ನನ್ನ ಕೈಯಾಗ ಕೊಡಲೇ ಇಲ್ಲ."

"ಇಷ್ಟೇ ಹೌದಿಲ್ಲೋ? ಕಾಲ್ ಚಾಚ್ರಿ."

ಗುಡ್ಡದ ನೆತ್ತಿಯ ಮೇಲೆ, ಬೀಸುವ ಗಾಳಿಯಲ್ಲಿ, ಕಾಂತಾಬಾಯಿ ಬೂಟುಗಾಲು ಚಾಚಿ ಕೂತಳು. ರಂಭಾಬಾಯಿ ನೀರಿನ ಬಾಟಲಿಯನ್ನು ಅವಳ ಕಾಲುಗಳ ನಡುವೆ ಮಲಗಿಸಿದಳು. "ತಲಿ ಪಾದದ ಕಡೀಗಿ. ಎಡಗೈ ಕುತ್ತಿಗಿ ಕೆಳಗ. ಹಾಂ... ಏ, ಹಂಗ ಬಿಗಿಯಾಗಿ ಹಿಡೀಬ್ಯಾಡ್ರಿ, ಅದು ಬದನಿಕಾಯಿ ಅಲ್ಲ!" ಹತ್ತಿ ಬಂದ ಕಾಲೇಜು ಹುಡುಗಿಯರು ಈ ಆಟ ನೋಡಿ ಕಣ್ಣು ಬಾಯಿ ಬಿಟ್ಟುಕೊಂಡು ನಿಂತರು. ಬೀಗತಿಯರಿಗೆ ಅವರ ಪರಿವೆಯೇ ಇರಲಿಲ್ಲ.

ಏಳುವಾಗ ಇಬ್ಬರಿಗೂ ಏಳಲಾಗಲಿಲ್ಲ. ಹುಡುಗಿಯರೇ ಕೈ ಹಿಡಿದು ಎಬ್ಬಿಸಿದರು.

ಹಿಂಬದಿಯ ಇಳಿಜಾರಿನಲ್ಲಿ ಮತ್ತೊಂದು ಬೆಂಚು ಬಂತು. ರಂಭಾಬಾಯಿ ಹಿಂದೆಮುಂದೆ ನೋಡದೆ ನೇರ ಹೋಗಿ ನಟ್ಟನಡುವೆ ಕೂತುಬಿಟ್ಟಳು. ಕೂತ ಮೇಲೆ ನೆನಪಾಗಿ ನಾಲಿಗೆ ಕಚ್ಚಿಕೊಂಡಳು.

"ಜರಾ ಆಚಿಗಿ ಸರೀರಿ ಬೀಗತೇರ," ಎಂದು ಕಾಂತಾಬಾಯಿ ಸೊಂಟದಿಂದ ಅವಳನ್ನು ನೂಕಿ ಜಾಗ ಮಾಡಿಕೊಂಡಳು. ಹಸಿರು ದಾರಿಯಿಂದ ತ್ರಿವೇಣಿ ಕೈ ಬೀಸುತ್ತಿದ್ದಳು. ಕಾಂತಾಬಾಯಿ ಬಲಗೈ ಎತ್ತಿ ಬೀಸಿದಳು. ಎಡ ತೋಳಿನ ಮಡಿಕೆಯಲ್ಲಿ ನೀರಿನ ಬಾಟಲಿ ಇನ್ನೂ ಹಾಗೆಯೇ ಮಲಗಿತ್ತು, ಅದರ ಮೇಲೆ ಸೆರಗು ಹೊದಿಸಿದ್ದಳು.