ಅಪ್ಪನ ಪ್ರಾರ್ಥನೆಯಲ್ಲಿ ಚೇಳು

ಪಾದ್ರಿ ಬಂದು ಕೂತಿದ್ದರು, ಶವಪೆಟ್ಟಿಗೆಯ ಮುಚ್ಚಳ ಹಾಕುವುದೊಂದೇ ಬಾಕಿ. ಅಷ್ಟರಲ್ಲಿ ಚೇಳು ಬಂದು ಗೇಟಿನ ಹತ್ತಿರ ನಿಂತ.

ಚೇಳು ಅಂದರೆ ಹುಳ ಅಲ್ಲ, ಮನುಷ್ಯ. ಹಳೆಯ ದರೋಡೆಕೋರ. ಒಳಗೆ ಪೆಟ್ಟಿಗೆಯಲ್ಲಿ ಮಲಗಿದ್ದ ನಿವೃತ್ತ ಇನ್ಸ್‌ಪೆಕ್ಟರರ ಪಕ್ಕೆಗೆ ಒಂದು ಕಾಲದಲ್ಲಿ ಚಾಕು ಹಾಕಿದವನು. ಅವರು ಸತ್ತದ್ದು ಅದರಿಂದಲ್ಲ ಬಿಡಿ, ವಯಸ್ಸಾಗಿತ್ತು, ಹೃದಯ ಕೈಕೊಟ್ಟಿತ್ತು. ಆದರೆ ಆ ಇರಿತ ಆದಮೇಲೆ ಅವರು ನೆಟ್ಟಗೆ ನಿಂತದ್ದನ್ನು ಯಾರೂ ನೋಡಲಿಲ್ಲ. ಭಾನುವಾರ ಚರ್ಚಿನ ಮೆಟ್ಟಿಲು ಹತ್ತುವಾಗಲೂ ಒಂದು ಕೈ ಪಕ್ಕೆಯ ಮೇಲೇ. ಇನ್ನೊಂದು ಕೈಯನ್ನು ಮಗ ಹಿಡಿದುಕೊಳ್ಳುತ್ತಿದ್ದ.

ಚೇಳನ್ನು ಮೊದಲು ಕಂಡವಳು ಮಗಳು. ಆಸ್ಪತ್ರೆಯಲ್ಲಿ ನರ್ಸು, ರಕ್ತ ಕಂಡು ಹೆದರುವವಳಲ್ಲ. ಬಿಳಿ ಗಡ್ಡ, ಇಸ್ತ್ರಿ ಮಾಡಿದ ಅಂಗಿ, ಕುತ್ತಿಗೆಯ ಪಕ್ಕ ಕೊಂಡಿ ಎತ್ತಿದ ಚೇಳಿನ ಮಾಸಿದ ಹಚ್ಚೆ. ಅದನ್ನು ಕಂಡದ್ದೇ ಗುರುತು ಹಿಡಿದು ಹೆದರಿದಳು. ಹೆದರಿದ್ದು ಚೇಳಿಗಲ್ಲ, ಅಣ್ಣನಿಗೆ. ಅಣ್ಣ ಬಸ್ ಡ್ರೈವರ್, ಕೋಪ ಮೂಗಿನ ತುದಿಯಲ್ಲೇ. ಅವನ ಡಿಪೋದ ಗೆಳೆಯರೆಲ್ಲ ಅಂಗಳದಲ್ಲಿದ್ದರು. ಅಪ್ಪನ ಕೈಕೆಳಗೆ ಕೆಲಸ ಕಲಿತ ಪೊಲೀಸರೂ ಟೋಪಿ ಕಂಕುಳಲ್ಲಿಟ್ಟುಕೊಂಡು ಸಾಲಾಗಿ ನಿಂತಿದ್ದರು. ಅಣ್ಣ ಒಂದೇಟು ಹಾಕಿದರೆ ಸಾಕು, ಮಿಕ್ಕಿದ್ದನ್ನು ಇವರೆಲ್ಲ ಸೇರಿ ಮುಗಿಸುತ್ತಿದ್ದರು. ಅಪ್ಪನನ್ನು ಮಣ್ಣು ಮಾಡುವ ದಿನವೇ ಮಗ ಲಾಕಪ್ಪು ಸೇರಿದರೆ ಅಮ್ಮನ ಗತಿಯೇನು?

ಅವಳು ಬಾಗಿಲು ದಾಟುವಷ್ಟರಲ್ಲಿ ಅಣ್ಣನ ಕೈ ಚೇಳಿನ ಕೊರಳಪಟ್ಟಿಯಲ್ಲಿತ್ತು.

"ಯಾರ ಮನೆ ಇದು, ಗೊತ್ತೇನೋ?"

"ಗೊತ್ತು. ಅದಕ್ಕೇ ಬಂದೆ."

"ಸತ್ತಿದ್ದಾರೋ ಇಲ್ವೋ ಅಂತ ಗ್ಯಾರಂಟಿ ಮಾಡ್ಕೊಳ್ಳೋಕಾ?"

"ಒಂದು ಮಾತು ಕೇಳ್ಬೇಕಿತ್ತು. ಕೇಳಿ ಹೋಗ್ತೀನಿ."

ದಪ್ಪ ಮೀಸೆಯ ಹೆಡ್ ಕಾನ್‌ಸ್ಟೇಬಲ್ ಹತ್ತಿರ ಬಂದ. "ಕೇಳೋದು ನಮ್ಮ ಕೆಲಸ ಕಣೋ, ಉತ್ತರ ಕೊಡೋದು ನಿನ್ನ ಕೆಲಸ. ಹೊರಗೆ ಬಂದ್ಮೇಲೆ ಅದೂ ಮರೆತ್ಹೋಯ್ತಾ?"

ಯಾರೋ ನಕ್ಕರು. ಅದು ಒಳ್ಳೆಯ ನಗುವಾಗಿರಲಿಲ್ಲ. ಯಾರೋ ಗೇಟಿನ ಚಿಲಕ ಹಾಕಿದ ಸದ್ದೂ ಕೇಳಿತು.

"ಅಣ್ಣ, ಬಿಡು ಅವರನ್ನ. ಒಳಗೆ ಅಮ್ಮ ಇದ್ದಾರೆ."

"ನೀನು ಸುಮ್ನಿರೇ. ಇದು ನೀನು ಇಂಜೆಕ್ಷನ್ ಕೊಟ್ಟು ಸರಿ ಮಾಡೋ ಕಾಯಿಲೆ ಅಲ್ಲ."

ಅವಳು ಇಬ್ಬರ ನಡುವೆ ಭುಜ ತೂರಿಸಿದಳು. "ಏನು ಕೇಳ್ಬೇಕೋ ಬೇಗ ಕೇಳಿ."

ಚೇಳಿಗೆ ಉಸಿರು ಸಿಕ್ಕಿಕೊಂಡಿತ್ತು. ಆದರೂ ಕೈ ಎತ್ತಲಿಲ್ಲ. "ಸಾಹೇಬ್ರು ಜೈಲಿಗೆ ಬರ್ತಿದ್ರು. ಬಂದಾಗೆಲ್ಲ ಒಂದೇ ಮಾತು. 'ಮನೇಲಿ ಹೆಂಡ್ತಿ ಮಕ್ಕಳ ಜೊತೆ ಪ್ರಾರ್ಥನೆಗೆ ಕೂತಾಗ ನಿನ್ನ ಹೆಸರೂ ಹೇಳ್ತೀನಿ ಕಣೋ' ಅಂತ. ಬಾಯಿ ಬಿಡಿಸೋಕೆ ಪೊಲೀಸ್ರು ಎಷ್ಟೋ ಆಟ ಆಡ್ತಾರೆ, ಇದೂ ಅದೇ ಅಂದ್ಕೊಂಡೆ. ಮುಖಕ್ಕೆ ಉಗಿದೆ. ಹೋದ್ರು ಅಂತ ಕೇಳಿದಾಗಿಂದ ನಿದ್ದೆ ಇಲ್ಲ. ನಿಜಾನಾ, ಸುಳ್ಳಾ? ಅಷ್ಟೇ."

ನಿಜವೇ. ಇನ್ಸ್‌ಪೆಕ್ಟರರು ಮನೆಗೆ ಬಂದು ಬೆಲ್ಟು ಬಿಚ್ಚಿಟ್ಟರೆ ಮೊದಲ ಕೆಲಸ ಚಾಪೆ ಹಾಸುವುದು. ಎಲ್ಲರೂ ಮೊಣಕಾಲೂರಬೇಕು. ಮೊದಲು ಬಂಧುಬಳಗಕ್ಕಾಗಿ ಪ್ರಾರ್ಥನೆ, ಆಮೇಲೆ ಉಸಿರು ತಗೊಳ್ಳದೆ ತಾವೇ ಹಿಡಿದು ಒಳಗೆ ಹಾಕಿದವರಿಗಾಗಿ, ಠಾಣೆಯಲ್ಲಿ ಕರೆಯುವ ಅಡ್ಡಹೆಸರಿನಲ್ಲೇ. ಮಕ್ಕಳು ಅವರೆಲ್ಲ ದೂರದ ನೆಂಟರೆಂದೇ ತಿಳಿದಿದ್ದರು. ನಿನಗೆಷ್ಟು ಜನ ಚಿಕ್ಕಪ್ಪಂದಿರು ಎಂದು ಟೀಚರು ಕೇಳಿದರೆ ಮಗಳು, "ಬೀಗ ಚಿಕ್ಕಪ್ಪ, ಗುಜರಿ ಚಿಕ್ಕಪ್ಪ, ಇಬ್ಬರೂ ಒಳಗಿದ್ದಾರೆ ಮಿಸ್" ಎಂದಿದ್ದಳು. "ಯಾವುದರ ಒಳಗೆ?" ಎಂದು ಟೀಚರು ಕೇಳಿದ್ದರಂತೆ. ಅಮ್ಮ ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದಳು. ಅಪ್ಪ ನಗಲಿಲ್ಲ, "ಸರಿಯಾಗೇ ಹೇಳಿದ್ದಾಳೆ" ಎಂದಿದ್ದರು.

ಚಾಕು ಬಿದ್ದಮೇಲೆ, ಆಸ್ಪತ್ರೆಯ ಮಂಚದಿಂದಲೇ, ಆ ಸಾಲಿಗೆ ಚೇಳನ್ನೂ ಸೇರಿಸಿದರು. ಅವತ್ತು ಮಗ ಎದ್ದು ಹೊರಗೆ ಹೋದವನು, ಆಮೇಲೆ ಎಂದೂ ಆ ಹೆಸರಿಗೆ ತುಟಿ ಪಿಟಕ್ಕೆನ್ನಲಿಲ್ಲ. ಅಪ್ಪ ಒತ್ತಾಯ ಮಾಡಲಿಲ್ಲ, ಹೆಸರು ಬಿಡಲೂ ಇಲ್ಲ.

"ನಿಜ" ಎಂದಳು ಮಗಳು.

ಚೇಳು ತಲೆಯಾಡಿಸಿದ. "ನೀವು ಗಲಾಟೆ ತಪ್ಪಿಸೋಕೆ ಹೇಳ್ತೀರಿ ತಾಯಿ. ಇವರು ಹೇಳ್ಲಿ. ನನ್ನ ಸಮಾಧಾನ ಮಾಡೋ ಹಂಗು ಇವರಿಗಿಲ್ಲ."

ಅಣ್ಣನ ಮುಷ್ಟಿ ಬಿಗಿಯಾಯಿತು. ಚೇಳಿನ ಕುತ್ತಿಗೆಯ ನರ ಉಬ್ಬಿದ್ದು ಅವಳಿಗೆ ಕಾಣುತ್ತಿತ್ತು. ಇನ್ನು ಬೇಡುವುದರಿಂದ ಏನೂ ಆಗುವುದಿಲ್ಲ ಎನಿಸಿ, ಎದೆ ಗಟ್ಟಿ ಮಾಡಿಕೊಂಡಳು.

"ಹೇಳ್ಬಿಡು ಅಣ್ಣ. ನಮ್ಮಪ್ಪ ಸುಳ್ಳು ಹೇಳ್ತಿದ್ರು ಅಂತ ಎಲ್ಲರ ಮುಂದೆ ಹೇಳು. ಈ ಮನುಷ್ಯ ತನ್ನ ಪಾಡಿಗೆ ಹೋಗ್ತಾನೆ."

ಅಣ್ಣ ಅವಳನ್ನು ಹೊಡೆಯುವವನಂತೆ ನೋಡಿದ. "ನಮ್ಮಪ್ಪ ಸುಳ್ಳು ಹೇಳಿದವರಲ್ಲ."

"ಹಾಗಾದ್ರೆ ಏನಂತಿದ್ರು?" ಎಂದ ಚೇಳು.

ಕೊರಳಪಟ್ಟಿ ಬಿಡದೆಯೇ, ಹಲ್ಲು ಕಚ್ಚಿಕೊಂಡೇ, ಬೈಗುಳದ ಹಾಗೆ ಶುರುಮಾಡಿದ ಅಣ್ಣ. "ಕರ್ತನೇ, ನಮ್ಮಮ್ಮನ ಮೊಣಕಾಲು ನೋವು ಕಡಿಮೆ ಮಾಡು. ಮಕ್ಕಳಿಗೆ ಬುದ್ಧಿ ಕೊಡು. ಬೀಗನ ಹೆಂಡ್ತಿ ಹೆರಿಗೆ ಸುಸೂತ್ರ ಆಗ್ಲಿ. ಗುಜರಿ ಕುಡಿಯೋದು ಬಿಡ್ಲಿ."

ಅಲ್ಲಿಗೆ ನಿಂತ.

"ಚೇಳು..." ಎಂದ. ಕೆಮ್ಮಿ, ಮತ್ತೆ ಹಿಡಿದ. "ಚೇಳು ರಾತ್ರಿ ಹೊತ್ತು ಹೆದರದೆ ಮಲಗ್ಲಿ. ಅವನು ಹೊರಗೆ ಬಂದಾಗ ಬಾಗಿಲು ತೆಗೆಯೋರು ಯಾರಾದ್ರೂ ಇರ್ಲಿ."

ಹೇಳಿ ಮುಗಿಸಿದ ಮೇಲೆ ಅದರ ಅರ್ಥ ಅವನಿಗೆ ತಟ್ಟಿತೆಂದು ಕಾಣುತ್ತದೆ. ಬೆರಳುಗಳು ಒಂದೊಂದಾಗಿ ಸಡಿಲವಾದವು. ಚೇಳು ಕೇಳಬೇಕಾದ್ದು ಆಯಿತೆಂದು ಗೇಟಿನತ್ತ ತಿರುಗಿದ.

"ಎಲ್ಲಿಗೆ?" ಎಂದ ಅಣ್ಣ ಒರಟಾಗಿ. "ಅಪ್ಪನ ಮುಖ ನೋಡ್ಕೊಂಡು ಹೋಗು. ಚಪ್ಪಲಿ ಅಲ್ಲೇ ಬಿಡು. ನನ್ನ ಬೆನ್ನ ಹಿಂದೇನೇ ಬಾ, ಆಚೀಚೆ ತಿರುಗ್ಬೇಡ."

ಪೊಲೀಸರ ಸಾಲು ಕದಲಲಿಲ್ಲ. ಮೀಸೆಯ ಹೆಡ್ ಕಾನ್‌ಸ್ಟೇಬಲ್ ಹೋಗಿ ಬಾಗಿಲಿಗೆ ಅಡ್ಡ ನಿಂತ.

"ದಾರಿ ಬಿಡಿ ಅಂಕಲ್."

"ನಿಂಗೆ ತಲೆ ಕೆಟ್ಟಿದ್ಯೇನೋ? ಇವನನ್ನ ಸಾಹೇಬ್ರ ಹತ್ರ ಬಿಡ್ತೀಯಾ?"

"ಕೆಟ್ಟಿದೆ. ದಾರಿ ಬಿಡಿ."

ತಂಗಿ ಓಡಿ ಬಂದು ಅಣ್ಣನ ಪಕ್ಕ ನಿಂತಳು. ಹೆಡ್ ಕಾನ್‌ಸ್ಟೇಬಲ್ ಮೂವರನ್ನೂ ದುರುಗುಟ್ಟಿ ನೋಡಿದ. ಆಮೇಲೆ ಬಾಯಲ್ಲೇ ಏನೋ ಗೊಣಗುತ್ತ, ಒಬ್ಬರ ಹಿಂದೊಬ್ಬರು ಓರೆಯಾಗಿ ನುಸುಳುವಷ್ಟು ಮಾತ್ರ ಪಕ್ಕಕ್ಕೆ ಸರಿದ.